ಒಪ್ಪಿಗೆ ಕೇಳದ ಹೆಸರು

ನವೆಂಬರ್ 3, ಸೋಮವಾರ. ಉಮೆಯೊ, ಸ್ವೀಡನ್

ಬರೆಯುತ್ತಿರುವುದಕ್ಕೇ ಕ್ಷಮೆ — ಯಾರ ಹತ್ತಿರ ಕೇಳುತ್ತಿದ್ದೇನೋ ಗೊತ್ತಿಲ್ಲ. ಹಿಂದೆ ಹಾಸ್ಟೆಲಿನಲ್ಲಿ ವಾರ್ಡನ್ ಎಲ್ಲರ ಪತ್ರ ಒಡೆದು ಓದುತ್ತಿದ್ದರು. ಬರೆದರೆ ತಪ್ಪು ಅನ್ನಿಸುವುದು ಇನ್ನೂ ಹೋಗಿಲ್ಲ.

ಗುರುವಾರ ಸೆಮಿನಾರ್. ನನ್ನ ಪಾಲಿಗೆ ಬಂದ ವಿಷಯ ಹಾರ್ಟ್‌ಲಿ — ತೊಂಬತ್ತು ವರ್ಷ ಹಿಂದಿನ ಬ್ರಿಟಿಷ್ ಎಂಪಿ. ವಸಾಹತುಗಳಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರ ಬಗ್ಗೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳುತ್ತಿದ್ದ. ಅವನ ನೋಟ್‌ಬುಕ್ಕಿನ ಸ್ಕ್ಯಾನ್ ನೋಡಿದೆ. ಪ್ರತಿ ಕೈದಿಯ ಹೆಸರಿನ ಪಕ್ಕ 'ಒಪ್ಪಿದ್ದಾನೆ' ಅಥವಾ 'ಇನ್ನೂ ಇಲ್ಲ'. ಒಪ್ಪಿಗೆ ಬರದೆ ಸಭೆಯಲ್ಲಿ ಹೆಸರೆತ್ತಿದವನಲ್ಲ. ಹೆಸರು ಹೊರಬಿದ್ದರೆ ಏಟು ಬೀಳುವುದು ಒಳಗಿದ್ದವನಿಗೆ. ಒಬ್ಬನ ಉತ್ತರಕ್ಕೆ ಹನ್ನೊಂದು ವಾರ ಕಾದಿದ್ದಾನೆ.

ನವೆಂಬರ್ 5, ಸಂಜೆ

ನಾನು ಬಾಡಿಗೆಗಿರುವುದು ಜೈನಬ್ ಅಕ್ಕನ ಮನೆಯ ರೂಮಿನಲ್ಲಿ. ಚಹಾ ಸೋಸುತ್ತಾ ಹೇಳಿದರು — ಅವರು ಕೆಲಸ ಮಾಡುವ ಲ್ಯಾಬಿನ ಮ್ಯಾನೇಜರ್ ಡೋರ್ ಕಾರ್ಡಿನ ಲಾಗ್ ತೆಗೆದು, ನಮಾಜಿಗೆ ಎಷ್ಟು ನಿಮಿಷ ಹೋದರು ಅಂತ ನೋಡುತ್ತಾನಂತೆ.

"ಕಂಪ್ಲೇಂಟ್ ಮಾಡಿ ಅಕ್ಕ."

"ಮಾಡ್ತೀನಿ ಕಣೆ. ಜನವರೀಲಿ ನನ್ನ ವರ್ಕ್ ಪರ್ಮಿಟ್ ರಿನ್ಯೂ ಆಗ್ಲಿ. ಪೇಪರ್‌ಗೆ ಸೈನ್ ಹಾಕೋನು ಅವ್ನೇ. ಅಲ್ಲೀವರ್ಗೂ ಇದು ಈ ಕಿಚನ್ ದಾಟಬಾರ್ದು. ನಿನ್ನ ಇಂಗ್ಲಿಷ್ ಅಪ್ಪನ ಹತ್ರನೂ ಬೇಡ."

"ಅಪ್ಪ ಇಂಗ್ಲೆಂಡಿನವರಲ್ವಾ ಅಕ್ಕ, ಫೋನಲ್ಲಿ ವೆದರ್ ಬಿಟ್ಟು ಬೇರೇನೂ ಮಾತಾಡಲ್ಲ."

ನಕ್ಕರು.

ನವೆಂಬರ್ 6

ಸೆಮಿನಾರ್ ಮುಗಿಯಿತು. ಚಪ್ಪಾಳೆ ತಟ್ಟಿದರು. ಊಟ ಸೇರಲಿಲ್ಲ.

ನವೆಂಬರ್ 13, ಗುರುವಾರ

ಬರೆದೇಬಿಡುತ್ತೇನೆ. ಅವತ್ತು ಪ್ರೊಫೆಸರ್ ಕೇಳಿದರು — ಇಂಥದ್ದಕ್ಕೆ ಇವತ್ತಿನ ಉದಾಹರಣೆ ಇದೆಯೇ? ಎಲ್ಲರ ಕಣ್ಣು ನನ್ನ ಮೇಲೆ. ಜಾಣೆ ಅನ್ನಿಸಿಕೊಳ್ಳಬೇಕಿತ್ತು. ಹೇಳಿಬಿಟ್ಟೆ. ಲ್ಯಾಬು, ಕಾರ್ಡು, ನಮಾಜು... ಜೈನಬ್ ಅನ್ನುವ ಹೆಸರೂ. ಹಿಂದೆ ಪರದೆಯ ಮೇಲೆ ಹಾರ್ಟ್‌ಲಿಯ ನೋಟ್‌ಬುಕ್ಕು. ಅಕ್ಕನನ್ನು ಕೇಳಲು ನಾನು ಕಾಯಬೇಕಿದ್ದದ್ದು ಸಂಜೆಯ ಚಹಾದವರೆಗೆ, ಅಷ್ಟೇ.

ಇವತ್ತು ಫಿಕಾ — ಇಲ್ಲಿನವರ ಕಾಫಿ ಬ್ರೇಕ್ — ಹೊತ್ತಿಗೆ ಕ್ಲಾಸಿನ ನೈನಾ ಕಾಫಿ ಹಿಡಿದು ಪಕ್ಕಕ್ಕೆ ಬಂದಳು.

"ಅನ್ವಿತಾ, ಗುಡ್ ನ್ಯೂಸ್! ಆ ಲ್ಯಾಬಲ್ಲೇ ನಾನು ಶನಿವಾರ ಗ್ಲಾಸ್ ತೊಳ್ಯೋದು. ಅಲ್ಲಿನ ಯೂನಿಯನ್ ಲೇಡಿಗೆ ನಿಮ್ ಜೈನಬ್ ವಿಷ್ಯ ಹೇಳ್ದೆ. ನಾಳೆ ಹತ್ತಕ್ಕೆ ಮ್ಯಾನೇಜರ್‌ನ ಹಿಡ್ಕೋತಾರೆ."

"ಬೇಡ!"

"ಯಾಕೆ? ಅವ್ರನ್ನ ಕೇಳೇ ತಾನೆ ನೀನು ಹೇಳಿದ್ದು?"

"ಇಲ್ಲ," ಅಂದೆ.

"ಅಯ್ಯೋ ಅನ್ವಿ..." ಕೂಡಲೇ ಆ ಯೂನಿಯನ್ನಿನವರಿಗೆ ಫೋನ್ ಮಾಡಿದಳು. ಜೈನಬ್ ಅವರೇ ಬೇಡ ಅಂದರೆ ಮಾತ್ರ ನಿಲ್ಲಿಸುತ್ತಾರಂತೆ.

ನವೆಂಬರ್ 14, ಬೆಳಿಗ್ಗೆ 8:10

ನಿನ್ನೆ ರಾತ್ರಿ ಊಟಕ್ಕೆ ಅಕ್ಕ ಎದುರಿಗೇ ಕೂತಿದ್ದರು. "ಯಾಕೆ ಸಪ್ಪಗಿದ್ದೀಯ? ಇನ್ನೊಂದು ಚಪಾತಿ ಹಾಕ್ಲಾ?" ಅಂದರು. ಹಾಕಿಸಿಕೊಂಡೆ. ತಿಂದೆ. ಹೇಳಲಿಲ್ಲ.

ಅಕ್ಕ ಈಗಾಗಲೇ ಲ್ಯಾಬಿಗೆ ಹೋಗಿಯಾಗಿದೆ. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜು ಮೊದಲು ಇಲ್ಲಿ ಬರೆದು, ಹಾಗೇ ಕಳಿಸುತ್ತೇನೆ —

ಅಕ್ಕ, ಕಿಚನ್ನಿನಲ್ಲಿ ನೀವು ಹೇಳಿದ್ದನ್ನು ಕ್ಲಾಸಿನಲ್ಲಿ ಹೇಳಿದೆ. ನಿಮ್ಮ ಹೆಸರು ಹಿಡಿದು. ನಿಮ್ಮನ್ನು ಕೇಳದೆ. ಈಗ ಯೂನಿಯನ್ನಿನವರಿಗೂ ಗೊತ್ತಾಗಿದೆ. ಹತ್ತಕ್ಕೆ ಮ್ಯಾನೇಜರ್ ಹತ್ತಿರ ಹೋಗುತ್ತಾರೆ. ನೀವು ಬೇಡ ಅಂದರೆ ನಿಲ್ಲಿಸುತ್ತಾರೆ, ನಾನು ಅಂದರೆ ಆಗುವುದಿಲ್ಲ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಬೇಕೋ ಬೇಡವೋ, ಅಷ್ಟು ಮಾತ್ರ... ಬೇಗ ಉತ್ತರ ಕೊಡಿ.