ಬಚ್ಚಲಿನ ಬಾಗಿಲು ಕಿಟಕಿಗೇರಿತು

ಅಕ್ಕನಿಗೆ ನಮಸ್ಕಾರ.

ಚಂಡಮಾರುತ ಮಂಗಳವಾರ ಹಾದುಹೋಯಿತು. ತಮ್ಮ, ಅವನ ಹೆಂಡತಿ, ಕೂಸು, ನಾನು, ಎಲ್ಲರೂ ಕ್ಷೇಮ. ಫೋನ್ ಸತ್ತಿರುವುದರಿಂದ ಈ ಕಾರ್ಡ್.

ಇಲ್ಲಿ ಗಾಳಿಗೆ ಮುಂಚೆ ಪ್ರತಿ ಕಿಟಕಿಗೂ ಹೊರಗಿನಿಂದ ಹಲಗೆ ಬಿಗಿಯುತ್ತಾರೆ. ಒಂದು ಗಾಜು ಒಡೆದರೂ ಗಾಳಿ ಒಳನುಗ್ಗಿ ಚಾವಣಿಯನ್ನೇ ಎತ್ತಿಬಿಡುತ್ತದಂತೆ. ಈ ಮನೆಗೆ ಐದು ಕಿಟಕಿ, ಇದ್ದದ್ದು ನಾಲ್ಕೇ ಹಲಗೆ. ಐದನೆಯ ಹಲಗೆಯಲ್ಲಿ ನಮ್ಮ ಜಾಣ ತಮ್ಮ ಕೂಸಿಗೆ ಮಂಚ ಮಾಡಿಬಿಟ್ಟಿದ್ದ! ಅಂಗಡಿಗಳೆಲ್ಲ ಮುಚ್ಚಿದ್ದವು. ಅವನ ಹೆಂಡತಿ ಮನೆಯೆಲ್ಲ ಕಣ್ಣಾಡಿಸಿ, "ಬಚ್ಚಲಿನ ಬಾಗಿಲು ಬಿಚ್ರೀ" ಎಂದಳು.

"ಆಮೇಲೆ ಸ್ನಾನ?" ಎಂದ ತಮ್ಮ.

"ಮೊದ್ಲು ಮನೆ ಉಳೀಲಿ, ಮಾನದ ವಿಚಾರ ಆಮೇಲೆ ನೋಡೋಣ."

ಬಾಗಿಲು ಐದನೆಯ ಕಿಟಕಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಏಳು ಗಂಟೆ ಕಾಲ ಗಾಳಿ ಗುದ್ದಿದರೂ ಅಲುಗಲಿಲ್ಲ.

ಹಿಂದೆಯೇ ಇನ್ನೊಂದು ಗಾಳಿ ಬರಬಹುದೆಂದು ಬಾಗಿಲನ್ನು ಅಲ್ಲೇ ಬಿಟ್ಟಿದ್ದೆವು. ಬಚ್ಚಲಿಗೆ ಹಾಸಿಗೆಯ ದುಪ್ಪಟಿಯೇ ಪರದೆ. ಒಳಗಿರುವವರು ಗಟ್ಟಿಯಾಗಿ ಹಾಡುತ್ತಿರಬೇಕೆಂಬುದು ಮನೆಯ ಕಾನೂನು. ನನ್ನ ಗಂಟಲು ನಿನಗೆ ಗೊತ್ತಲ್ಲ. ನಾನು ಹದಿನೇಳರ ಮಗ್ಗಿ ಹೇಳುತ್ತೇನೆ. ಮೂರು ತಿಂಗಳ ಕೂಸು ಗಾಳಿಯ ಸದ್ದಿಗೆ ಬೆಚ್ಚಿ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಹದಿನೇಳು ಆರಲೆ ನೂರಾ ಎರಡಕ್ಕೆ ಬರುವಷ್ಟರಲ್ಲಿ ನಿದ್ದೆಹೋಯಿತು!

ಇವತ್ತು, ಇನ್ನು ಗಾಳಿಯಿಲ್ಲವೆಂದು ರೇಡಿಯೋ ಹೇಳಿತು. ತಮ್ಮ ಬಾಗಿಲು ಇಳಿಸಲು ಏಣಿ ಹತ್ತಿದರೆ ಹೆಂಡತಿ ಬಿಡಲಿಲ್ಲ. "ಇನ್ನೆರಡು ದಿನ ಇರ್ಲಿ. ಕೂಸು ನಿದ್ದೆ ಮಾಡೋದು ನಿಮ್ಗೆ ಬೇಡ್ವಾ?"

ನನಗೆ ಸ್ವಲ್ಪ ನೆಗಡಿ, ಬೇರೇನೂ ಇಲ್ಲ. ಅಗೋ, ಕರೆಯುತ್ತಿದ್ದಾಳೆ: "ಅತ್ತಿಗೆ, ಕೂಸು ಅಳ್ತಿದೆ, ಸ್ನಾನಕ್ಕೆ ಹೋಗ್ತೀರಾ?"

ಇವತ್ತಿಗೆ ಇದು ಮೂರನೆಯ ಸ್ನಾನ. ಹೊರಟೆ.

ನಿನ್ನ ತಂಗಿ