ಪಟ್ಟಿ ಯಾವ ಕಣ್ಣಿಗೆ

ಜುಲೈ ೯, ಮೇಲಿನ ಹುಲ್ಲುಗಾವಲು

ನಿನ್ನೆ ಕನಸಿನಲ್ಲಿ ಮಗಳು ಐಜಿರೆಕ್ ನನ್ನೆದುರೇ ನಿಂತು "ಅಮ್ಮ ಎಲ್ಲಿ?" ಎಂದು ಅಳುತ್ತಿದ್ದಳು. ಮಂದಗಣ್ಣು ದುಡಿಯಲಿ ಎಂದು ಡಾಕ್ಟರು ಪಟ್ಟಿ ಅಂಟಿಸಿದ್ದು ಅವಳ ಒಳ್ಳೆಯ ಕಣ್ಣಿಗೆ. ಅವಳು ಡೇರೆಯ ಹಗ್ಗಕ್ಕೆ ಎಡವಿ ಬಿದ್ದದ್ದೇ ತಡ, ಅತ್ತೆ ಅದನ್ನು ಕಿತ್ತು ಮಂದಗಣ್ಣಿಗೆ ಅಂಟಿಸಿದರು.

"ಕುಂಟೋ ಕುದುರೇನ ಬಿಟ್ಟು ಓಡೋ ಕುದುರೇನ ಕಟ್ಟಿಹಾಕ್ತಾರೇನೇ? ನಿನ್ನ ಡಾಕ್ಟರಿಗೆ ಕುದುರೇನೂ ಗೊತ್ತಿಲ್ಲ, ಕಣ್ಣೂ ಗೊತ್ತಿಲ್ಲ!"

ಸೊಸೆ ಅತ್ತೆಯ ಹೆಸರನ್ನೇ ಎತ್ತುವಂತಿಲ್ಲ, ಇನ್ನು ಎದುರಾಡುವುದೆಲ್ಲಿ! ಹತ್ತು ದಿನವಾಯಿತು. ಮಗಳು ಈಗ ಎಡವುತ್ತಿಲ್ಲ, ಅದೇ ನನ್ನ ಭಯ. ಆದರೆ ಶಾಲೆ ಅರ್ಧಕ್ಕೇ ಬಿಟ್ಟವಳು ನಾನು. ಡಾಕ್ಟರು ಹೇಳಿದ್ದನ್ನು ತಪ್ಪಾಗಿ ಕೇಳಿಸಿಕೊಂಡೆನೋ ಏನೋ. ನಾಳೆ ಬೆಳಿಗ್ಗೆ ಇವರು ಕೆಳಗಿನ ಊರಿಗೆ ಇಳಿಯುತ್ತಾರೆ. ಚೀಟಿ ಬರೆದು ಕೈಗಿಡುತ್ತೇನೆ: ಡಾಕ್ಟರನ್ನು ಇನ್ನೊಮ್ಮೆ ಕೇಳಿ ಬನ್ನಿ, ಮುಚ್ಚಬೇಕಾದ್ದು ಚೆನ್ನಾಗಿ ಕಾಣುವ ಕಣ್ಣನ್ನೇ ತಾನೆ?