ತಾನಾಗಿಯೇ ಕೂಗುವ ಹಾರ್ನ್

ಮಾರ್ಚ್ 3, ಮಂಗಳವಾರ

ಇಸ್ತ್ರಿ ಆದದ್ದು ಅರವತ್ತೆರಡು ಬೆಡ್‌ಶೀಟ್. ದಿಂಬಿನ ಕವರ್ ಒಂದೂ ಆಗಿಲ್ಲ. ನಾಳೆ.

ನಮ್ಮ ಲಾಂಡ್ರಿಯ ಪಿಕಪ್ ಗಾಡಿ ಸರ್ವೀಸ್ ಸೆಂಟರ್‌ನಿಂದ ವಾಪಸ್ ಬಂತು. ನಾಲ್ಕನೇ ಸಲ. ಫಳಫಳ ತೊಳೆದು ಕೊಟ್ಟಿದ್ದಾರೆ. ಬಾಗಿಲ ಸಂದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕಾಗದದಲ್ಲಿ ಅದೇ ಸಾಲು — ‘ದೋಷ ಕಂಡುಬಂದಿಲ್ಲ.’

ಸಂಜೆ ಅಕ್ಕ ಆಸ್ಪತ್ರೆಗೆ ಬಟ್ಟೆ ಗಂಟು ಕೊಡಲು ಹೊರಟಳು. ಜೊತೆಗೆ ನಾನೂ. ಬಿಸಿಲಿನಲ್ಲಿ ವೈಪರ್ ತಾನೇ ಆಡತೊಡಗಿತು. ಗೇಟಿನೊಳಗೆ ಹೋಗಿ ನಿಲ್ಲಿಸಿದ್ದೇ ತಡ, ಹಾರ್ನ್. ಅಕ್ಕನ ಎರಡು ಕೈಯೂ ಮಡಿಲಲ್ಲಿದ್ದವು. ನರ್ಸ್ ಓಡಿ ಬಂದರು.

“ಇದು ಆಸ್ಪತ್ರೆ ಕಣಮ್ಮ, ಬಸ್ ಸ್ಟ್ಯಾಂಡ್ ಅಲ್ಲ!”

“ನಾನು ಒತ್ತಿಲ್ಲ ಸಿಸ್ಟರ್, ಅದೇ ಕೂಗ್ತಿದೆ.”

“ಹೌದೌದು, ಅದಕ್ಕೆ ಹಸಿವಾಗಿರಬೇಕು.”

ನಾನು ಗಂಟಿನ ಹಿಂದೆ ಮುಖ ಮರೆಸಿಕೊಂಡೆ. ಕೊಂಡು ಏಳು ತಿಂಗಳಾಗಿಲ್ಲ. ಹೊಸ ಗಾಡಿಯಂತೆ. ಥೂ.

ಮಾರ್ಚ್ 6, ಶುಕ್ರವಾರ. ಬೆಳಗ್ಗೆ 8

ಇವತ್ತು ಅಕ್ಷರ ಸೊಟ್ಟ.

ರೈಲು ಸೇತುವೆಯ ಕೆಳಗಿನ ದಾರಿ. ಒಳಗೆ ಹಗಲಲ್ಲೂ ಕತ್ತಲೆ. ನಡುವೆ ಹೆಡ್‌ಲೈಟ್, ಮೀಟರ್ ದೀಪ, ಎಲ್ಲ ಒಟ್ಟಿಗೆ ಆರಿದವು. ಎದುರಿಗೆ ಟ್ಯಾಂಕರ್. ಅಕ್ಕ ಗೋಡೆಯ ಕಡೆಗೆ ಎಳೆದಳು. ಎಡಗಡೆ ಪೂರ್ತಿ ಉಜ್ಜಿಕೊಂಡು ಹೋಯಿತು, ನನ್ನ ಕಿವಿಯ ಪಕ್ಕದಲ್ಲೇ. ಹೊರಗೆ ಬಂದ ಮೇಲೆ ದೀಪ ಮತ್ತೆ ಹತ್ತಿಕೊಂಡಿತು. ಏನೂ ಗೊತ್ತಿಲ್ಲದ ಹಾಗೆ.

ಲಾಂಡ್ರಿಗೆ ಬಂದ ಮೇಲೆ ಚಿಕ್ಕಪ್ಪ ಗಾಡಿಯನ್ನು ಒಂದು ಸುತ್ತು ನೋಡಿದರು. ಲಾಂಡ್ರಿಯೂ ಗಾಡಿಯೂ ಅವರದೇ.

“ದೀಪ ಹೋಯ್ತು ಚಿಕ್ಕಪ್ಪ” ಅಂದಳು ಅಕ್ಕ.

“ಈಗ ಉರೀತಿದೆಯಲ್ಲ! ಕೈಲಾಗಲಿಲ್ಲ ಅಂದ್ರೆ ಆಗಲಿಲ್ಲ ಅನ್ನು. ಗಾಡಿ ಮೇಲೆ ಯಾಕೆ ಹಾಕ್ತೀಯ?”

ಕೀ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದರು. ನಾಳೆಯಿಂದ ಬೇರೆ ಡ್ರೈವರ್. ಅಕ್ಕ ಮತ್ತೆ ಬಟ್ಟೆ ತೊಟ್ಟಿಯ ಹತ್ತಿರ. ಹಳೇ ಗಾಡಿಯನ್ನು ಎಂಟು ವರ್ಷ ಓಡಿಸಿದಳು. ಒಂದು ಗೀರು ಬಿದ್ದಿರಲಿಲ್ಲ.

ನಾನು ಪಕ್ಕದಲ್ಲೇ ಕೂತಿದ್ದೆ. ಎಲ್ಲ ನೋಡಿದ್ದೆ. ಬಾಯಿ ಬಿಡಲಿಲ್ಲ. ಗಾಡಿಯ ಮೇಲಿನಷ್ಟೇ ಅಸಹ್ಯ ನನ್ನ ಮೇಲೆ.

ಮಾರ್ಚ್ 9

ಅಕ್ಕನ ಜೊತೆ ಸರ್ವೀಸ್ ಸೆಂಟರ್‌ಗೆ ಹೋಗಿದ್ದೆ. ಕೌಂಟರ್‌ನಲ್ಲಿ ಅದೇ ಆಸಾಮಿ. ನಾವು ಅವನಿಗೆ ನಗುಮುಖ ಎಂದು ಹೆಸರಿಟ್ಟಿದ್ದೇವೆ. ಏನು ಹೇಳಿದರೂ ಹಲ್ಲು ಕಾಣಿಸುತ್ತದೆ.

“ಲೇಡೀಸ್ ಓಡಿಸೋ ಗಾಡೀಲಿ ಇಂಥ ಕಂಪ್ಲೇಂಟ್ ಸ್ವಲ್ಪ ಜಾಸ್ತಿ ಮೇಡಂ.”

“ಹಾರ್ನ್ ಏನು, ಗಂಡೋ ಹೆಣ್ಣೋ ನೋಡ್ಕೊಂಡು ಕೂಗುತ್ತಾ?”

ಅದಕ್ಕೂ ನಕ್ಕ. ಕಂಪನಿಗೇ ಬರೆದು ಕೊಡಿ ಎಂದ.

ದಾರಿಯಲ್ಲಿ ಅಕ್ಕ ಹೇಳಿದಳು: “ನೀನೇ ಬರಿ. ದಿನಾ ಏನೋ ಗೀಚ್ತಿರ್ತೀಯಲ್ಲ.” ಅಯ್ಯೋ, ಅವಳಿಗೆ ಗೊತ್ತು! ಕಿವಿ ಬಿಸಿಯಾಯಿತು. ಐದನೇ ಕ್ಲಾಸ್ ಓದಿದವಳು ಕಂಪನಿಗೆ ಪತ್ರ ಬರೆಯುವುದಂತೆ...

ಮಾರ್ಚ್ 11

ಬರೆದೆ. ಮೂರು ಸಲ ಹರಿದು ನಾಲ್ಕನೆಯದು. ಯಾವ ದಿನ ಏನು ಕೆಟ್ಟಿತು, ಎಲ್ಲ ಈ ಪುಸ್ತಕ ನೋಡಿ ಇಳಿಸಿದೆ. ಒಂದೂ ಸುಳ್ಳಿಲ್ಲ. ಗಾಡಿಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದು ತಿಳಿಯಲಿ ಅಂತ ಕೊನೆಗೆ ಇದನ್ನೂ ಸೇರಿಸಿದೆ: ‘ಪ್ರತಿ ಭಾನುವಾರ ಪೈಪ್ ಹಿಡಿದು ತೊಳೆಯುತ್ತೇವೆ.’ ಲಾಂಡ್ರಿಯವರ ಗಾಡಿ ಕೊಳಕಾಗಿದ್ದರೆ ಬಿಳಿ ಬಟ್ಟೆ ಯಾರು ಕೊಡುತ್ತಾರೆ?

ಅಕ್ಕ ಓದಿ ತಲೆ ಸವರಿದಳು.

ಮಾರ್ಚ್ 26, ಗುರುವಾರ

ಕಂಪನಿಯ ಉತ್ತರ ಬಂತು. ನಗುಮುಖ ಕೌಂಟರ್‌ನಲ್ಲಿ ನಿಂತು ಗಟ್ಟಿಯಾಗಿ ಓದಿದ. ‘ತಾವೇ ಬರೆದಿರುವಂತೆ ವಾಹನಕ್ಕೆ ವಾರವಾರ ಪೈಪಿನಿಂದ ನೀರು ಹಾಯಿಸಲಾಗಿದೆ. ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.’

ನನ್ನ ಸಾಲು. ನನ್ನದೇ ಸಾಲು!

ಚಿಕ್ಕಪ್ಪ ಬೈಯಲೂ ಇಲ್ಲ. “ಡ್ರೈವರ್ ಬಂದು ಮೂರು ವಾರ ಆಗ್ತಾ ಬಂತು. ಒಂದ್ಸಲಾನೂ ದೀಪ ಆರಿಲ್ಲ. ಇನ್ನೇನು ಹೇಳ್ತೀರಿ?” ಅಂದರು ಅಷ್ಟೇ.

ಅಕ್ಕ ತೊಟ್ಟಿಗೆ ಬಗ್ಗಿ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡುತ್ತಿದ್ದಳು.

ಮಾರ್ಚ್ 27

ಹೊರಗೆ ಹೋಗಿ ಗಾಡಿ ನೋಡಿದೆ. ಧೂಳು ಒಂದು ಬೆರಳು ದಪ್ಪ. ಗಾಜಿನ ಮೇಲೆ ಯಾರೋ ಗೊಂಬೆ ಬರೆದಿದ್ದಾರೆ. ಯಾಕಣ್ಣ ತೊಳೆದಿಲ್ಲ ಎಂದು ಡ್ರೈವರಣ್ಣನನ್ನು ಕೇಳಿದೆ. “ಓಡಿಸೋಕೆ ಬಂದಿದೀನಿ, ಸ್ನಾನ ಮಾಡ್ಸೋಕಲ್ಲ” ಅಂದ.

ಒಳಗೆ ಬಂದು ಪುಸ್ತಕ ತೆಗೆದೆ. ಗಾಡಿ ಕೆಟ್ಟ ದಿನಗಳನ್ನು ಹುಡುಕಿದೆ.

ಸೋಮವಾರ. ಮಂಗಳವಾರ. ಸೋಮವಾರ. ಬುಧವಾರ. ಭಾನುವಾರ ತೊಳೆದ ಮೇಲೆ ಕೆಡುತ್ತದೆ. ಸರ್ವೀಸ್‌ನಿಂದ ಬಂದ ಮೇಲೂ ಕೆಡುತ್ತದೆ, ಯಾಕೆಂದರೆ ಅವರೂ ತೊಳೆದು ಕೊಡುತ್ತಾರೆ! ಮೊದಲು ನಾಲ್ಕು ದಿನ ಬಿಸಿಲಲ್ಲಿ ನಿಲ್ಲಿಸುತ್ತಾರೆ, ಒಣಗುತ್ತದೆ. ಆಮೇಲೆ ಪರೀಕ್ಷೆ, ದೋಷ ಇಲ್ಲ. ಆಮೇಲೆ ಒದ್ದೆ ಮಾಡಿ ನಮ್ಮ ಕೈಗೆ. ನಾಲ್ಕು ಸಲ. ಕರ್ಮ.

ನೀರು ತಾಗಿದರೆ ಕೆಡುವ ಗಾಡಿ ಮಾರಿ, ತೊಳೆದದ್ದು ನಮ್ಮ ತಪ್ಪಂತೆ. ಮಳೆ ಬಂದರೆ ಕಂಬಳಿ ಹೊದಿಸಬೇಕೇನೋ.

ಇನ್ನೊಂದು ಪತ್ರ. ಚಿಕ್ಕದು. ‘ನೀವೇ ಬನ್ನಿ. ನೀವೇ ತೊಳೆಯಿರಿ. ನೀವೇ ಓಡಿಸಿ.’

ಏಪ್ರಿಲ್ 1, ಬುಧವಾರ

ಸರ್ವೀಸ್ ಸೆಂಟರ್‌ಗೆ ಕಂಪನಿಯ ಇಂಜಿನಿಯರ್ ಬಂದಿದ್ದರು. ಚಿಕ್ಕಪ್ಪನೂ ಬಂದರು. ಅಕ್ಕ ಬೇಕೆಂದೇ ದೂರ, ಗೇಟಿನ ಹತ್ತಿರ ನಿಂತಳು. ಇಂಜಿನಿಯರ್ ಒಂದು ಮಿಷನ್ ಸಿಕ್ಕಿಸಿ ಏನೋ ನೋಡಿದರು.

“ಎಲ್ಲಾ ಓಕೆ ಇದೆ. ಸೈನ್ ಮಾಡಿ.”

ಚಿಕ್ಕಪ್ಪ ಪೆನ್ನು ತೆಗೆದರು.

“ತೊಳೀರಿ ಸಾರ್.”

ಯಾರೋ ಹೇಳಿದ ಹಾಗಿತ್ತು. ಹೇಳಿದವಳು ನಾನು. ಎಲ್ಲರೂ ತಿರುಗಿದರು. ನೆಲ ನೋಡುತ್ತ ಇನ್ನೊಮ್ಮೆ ಹೇಳಿದೆ, “ಪ್ರತಿ ಸಲಾನೂ ತೊಳ್ದು ಕೊಡೋ ಹಾಗೇ ತೊಳೀರಿ.”

ಅವರ ಪೈಪ್, ಅವರ ಕೆಲಸದವನು. ತೊಳೆದ ಮೇಲೆ ಗಾಡಿ ಸುಮ್ಮನೆ ನಿಂತಿತ್ತು. ಐದು ನಿಮಿಷ. ಹತ್ತು. ಚಿಕ್ಕಪ್ಪ ನನ್ನನ್ನು ನೋಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಂಜಿನಿಯರ್ ಗಡಿಯಾರ ನೋಡಿಕೊಂಡರು. “ಆಯ್ತಲ್ಲಮ್ಮ, ಸಮಾಧಾನ ಆಯ್ತಾ?”

ನಗುಮುಖ ಗಾಡಿ ಹೊರಗೆ ತೆಗೆಯಲು ಹತ್ತಿದ. ಕೀ ತಿರುಗಿಸಿದ. ದೀಪ ಹತ್ತಿತು, ಆರಿತು. ವೈಪರ್ ಎದ್ದು ಅರ್ಧದಲ್ಲಿ ನಿಂತಿತು. ಆಮೇಲೆ ಹಾರ್ನ್ — ಕಿವಿ ಹರಿದು ಹೋಗುವ ಹಾಗೆ. ಅವನು ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ಕಿರುಚಿದ, “ನಾನಲ್ಲ ಸಾರ್, ನಾನು ಮುಟ್ಟೇ ಇಲ್ಲ!”

ಮೊದಲ ಸಲ ಅವನ ಹಲ್ಲು ಕಾಣಿಸಲಿಲ್ಲ.

ಫ್ಯೂಸ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ನೀರು. ಮುಚ್ಚಳದ ರಬ್ಬರೇ ಕೂರಿಸಿಲ್ಲ. ಕಾರ್ಖಾನೆಯಲ್ಲೇ.

ಏಪ್ರಿಲ್ 8

ಗಾಡಿ ತಯಾರು. ವೈರಿಂಗ್ ಎಲ್ಲ ಹೊಸದು. ಕೊಟ್ಟ ಕಾಗದ: ‘ಗ್ರಾಹಕರ ತೃಪ್ತಿಗಾಗಿ ಬದಲಿಸಲಾಗಿದೆ. ದೋಷ ಕಂಡುಬಂದಿಲ್ಲ.’

ಹೇಸಿಗೆಗೂ ಒಂದು ಮಿತಿ ಬೇಡವೇ. ದೋಷವೇ ಇಲ್ಲ ಎಂದ ಮೇಲೆ ಸೇತುವೆ ಕೆಳಗಿನ ತಪ್ಪು ಮತ್ತೆ ಅಕ್ಕನದೇ.

“ಗಾಡಿ ಸರಿಯಾಯ್ತಲ್ಲ, ಬಿಡು” ಅಂದರು ಚಿಕ್ಕಪ್ಪ. ಬಿಡಲಿಲ್ಲ. ಪೆನ್ನು ಕೇಳಿದೆ. ಅವರ ಸಾಲಿನ ಕೆಳಗೆ ಬರೆದೆ: ‘ಏಪ್ರಿಲ್ 1ರಂದು ಇವರೇ ತೊಳೆದರು. ದೀಪ ಆರಿತು. ಹಾರ್ನ್ ತಾನೇ ಕೂಗಿತು. ಆಗ ಅಕ್ಕ ಗೇಟಿನ ಹತ್ತಿರ ಇದ್ದಳು.’

ನಗುಮುಖ ತಡವರಿಸಿದ. “ಇದರಲ್ಲಿ ಹೀಗೆಲ್ಲ ಬರೆಯೋ ಹಾಗಿಲ್ಲ...”

ಚಿಕ್ಕಪ್ಪ ಕಾಗದ ಎಳೆದುಕೊಂಡರು. ಬೆರಳಿಟ್ಟು ನಿಧಾನ ಓದಿದರು. ನನ್ನ ಸಾಲಿನ ಕೆಳಗೆ ಸಹಿ ಹಾಕಿದರು. ಕಂಪನಿಯ ಸಾಲಿಗಲ್ಲ, ನನ್ನದಕ್ಕೆ.

ಮನೆಗೆ ಬಂದ ಮೇಲೆ ಜೇಬಿನಿಂದ ಕೀ ತೆಗೆದು ತೊಟ್ಟಿಯ ಅಂಚಿನ ಮೇಲಿಟ್ಟರು. ಬಾಯಲ್ಲಿ ಏನೂ ಹೇಳಲಿಲ್ಲ. ಅವರಿಗೂ ನನ್ನದೇ ರೋಗ. ಅಕ್ಕ ಕೈ ಒರೆಸಿಕೊಂಡಳು.

ಏಪ್ರಿಲ್ 9. ಬೆಳಗ್ಗೆ 6

ಗಂಟು ಹನ್ನೊಂದು. ದಿಂಬಿನ ಕವರ್ ಬೇರೆ. ರಾತ್ರಿ ಗಾಡಿ ತೊಳೆದಿದ್ದೇವೆ, ಬೇಕೆಂದೇ, ಮೇಲಿಂದ ಕೆಳಗಿನವರೆಗೆ. ಸೇತುವೆಯ ದಾರಿಯಲ್ಲೇ ಹೋಗೋಣ ಅಂದಿದ್ದಾಳೆ ಅಕ್ಕ. ಹೆದರಿಕೆ ಇದೆ. ಇಲ್ಲ ಅಂದರೆ ಸುಳ್ಳು.

ಹೊರಗೆ ಹಾರ್ನ್! ಮತ್ತೆ ತಾನೇ ಕೂಗಿತೇ? ಕಿಟಕಿಯಿಂದ ನೋಡಿದೆ. ಅಕ್ಕನ ಕೈ ಅದರ ಮೇಲೇ ಇದೆ. ನನ್ನನ್ನೇ ಕರೆಯುತ್ತಿ—